ಬಿಸಿಲೂರಿನ ಹಿತ್ತಲಲ್ಲಿ ಐದು ಕೋಳಿ: ಗೂಡು ಕಟ್ಟುವುದರಿಂದ ಮೇ ತಿಂಗಳು ದಾಟಿಸುವವರೆಗೆ

ರಾಯಚೂರಿನಲ್ಲಿ ಕೋಳಿಗೂಡು ಕಟ್ಟಬೇಕೆನ್ನುವವರು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ತಮ್ಮ ಹಿತ್ತಲಲ್ಲಿ ಹತ್ತು ನಿಮಿಷ ನಿಂತು ನೋಡಬೇಕು. ಎಲ್ಲಿ ನೆರಳಿದೆ, ಯಾವ ಗೋಡೆ ಕಾದು ಝಳ ಉಗುಳುತ್ತಿದೆ, ಗಾಳಿ ಯಾವ ಸಂದಿಯಿಂದ ನುಸುಳುತ್ತಿದೆ. ಇಷ್ಟು ಗೊತ್ತಾದರೆ ಗೂಡಿನ ಅರ್ಧ ನಕ್ಷೆ ಸಿಕ್ಕಂತೆ. ನಾನು ಹಾಗೆ ನಿಂತು ನೋಡಲಿಲ್ಲ. ಡಿಸೆಂಬರಿನ ತಂಪಿನಲ್ಲಿ ವೆಲ್ಡಿಂಗ್ ಅಂಗಡಿಯಿಂದ ಒಂದು ಕಬ್ಬಿಣದ ಪಂಜರ ಮಾಡಿಸಿ, ಮೇಲೆ ಪತ್ರಾಸ್ (ತಗಡಿನ ಹಾಳೆ) ಹೊದಿಸಿ, ಪಡುವಣ ಗೋಡೆಗೆ ಒತ್ತಿ ಇಟ್ಟೆ. ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿತ್ತು. ಮೇ ಎರಡನೇ ವಾರದ ಒಂದು ಮಧ್ಯಾಹ್ನ ನೀರು ಕೊಡಲು ಹೋದರೆ ಐದೂ ಕೋಳಿ ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತಿದ್ದವು. ಒಂದರ ಜುಟ್ಟು ಕೆಂಪಿನಿಂದ ಕಡುನೇರಳೆಗೆ ತಿರುಗಿತ್ತು. ಪತ್ರಾಸಿನ ಒಳಮೈಗೆ ಅಂಗೈ ಇಟ್ಟೆ, ಹೆಂಚು ಮುಟ್ಟಿದಂತಾಗಿ ಕೈ ಹಿಂದೆಳೆದುಕೊಂಡೆ. ಸಂಜೆಯೊಳಗೆ ಎರಡು ಸತ್ತವು. ಆ ತಪ್ಪನ್ನು ಇನ್ನೊಬ್ಬರು ಮಾಡಬಾರದೆಂದೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೋಳಿಯ ಮೈಯ ಸಹಜ ಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರು ಬರುವುದಿಲ್ಲ. ಜುಟ್ಟು, ಗದ್ದದ ಜೋಲು, ಕಾಲುಗಳಿಂದ ಒಂದಿಷ್ಟು ಬಿಸಿ ಹೊರಹೋಗುತ್ತದೆ, ಉಳಿದದ್ದನ್ನೆಲ್ಲ ಬಾಯಿ ತೆರೆದು ಏದುಸಿರಿನ ಮೂಲಕವೇ ಹೊರಹಾಕಬೇಕು. ಹೊರಗಿನ ಗಾಳಿಯೇ 40 ದಾಟಿದಾಗ ಆ ದಾರಿಯೂ ಇಕ್ಕಟ್ಟಾಗುತ್ತದೆ. ಗೂಡಿನ ಬಗ್ಗೆ ಓದಲು ಸಿಗುವ ಬಹಳಷ್ಟು ಮಾತು ಚಳಿಯ ನಾಡುಗಳಿಂದ ಬಂದದ್ದು: ಗಾಳಿ ನುಗ್ಗದಂತೆ ಮುಚ್ಚಿ, ಬೆಚ್ಚಗಿಡಿ ಎನ್ನುತ್ತದೆ. ನಮ್ಮ ಕಡೆ ಬೇಕಾದದ್ದು ಚಪ್ಪರದಂಥ ಮನೆ. ಮೇಲೆ ದಪ್ಪ ನೆರಳು, ಎರಡು ಬದಿ ಬಯಲು, ಕೆಳಗೆ ಒಣ ನೆಲ.

ಎಷ್ಟು ಕೋಳಿ, ಎಷ್ಟು ಜಾಗ

30×40 ಅಡಿ ನಿವೇಶನದ ಮನೆಗಳಲ್ಲಿ ಹಿಂದೆ ಉಳಿಯುವುದು ಬಚ್ಚಲ ಆಚೆಗಿನ ಹತ್ತು ಹನ್ನೆರಡು ಅಡಿ. ಅಷ್ಟರಲ್ಲಿ ನಾಲ್ಕೈದು ಹ್ಯಾಟೆ ಸುಖವಾಗಿ ಇರುತ್ತವೆ. ಹತ್ತು ತುರುಕಿದರೆ ವಾಸನೆ, ಕಚ್ಚಾಟ, ರೋಗ ಒಟ್ಟಿಗೇ ಶುರುವಾಗುತ್ತವೆ.

ನನ್ನ ಲೆಕ್ಕ ಹೀಗಿದೆ. ರಾತ್ರಿ ಮಲಗುವ ಮನೆಗೆ ಕೋಳಿಯೊಂದಕ್ಕೆ 4 ಚದರ ಅಡಿ, ಹಗಲು ಓಡಾಡುವ ಜಾಳಿಗೆಯ ಅಂಗಳಕ್ಕೆ ಒಂದಕ್ಕೆ 8ರಿಂದ 10. ಅಂದರೆ ಐದು ಕೋಳಿಗೆ 5×4 ಅಡಿಯ ಮನೆ, ಅದಕ್ಕೆ ತಾಗಿ 5×8ರಿಂದ 5×10 ಅಡಿಯ ಅಂಗಳ. ಒಳಗಿನ ಜಾಗ ಒಂದಕ್ಕೆ 2 ಚದರ ಅಡಿ ಸಾಕೆನ್ನುವವರೂ ಇದ್ದಾರೆ. ತಂಪು ಊರಿಗೆ ಅದು ನಡೆದೀತು. ನಮ್ಮಲ್ಲಿ ಕೋಳಿಗಳು ಒಂದಕ್ಕೊಂದು ಮೈ ತಾಗದಂತೆ ದೂರ ಕೂರಬೇಕು. ಎತ್ತರ ಆರು ಅಡಿಗೆ ಕಡಿಮೆ ಮಾಡಬೇಡಿ. ಕಾದ ಗಾಳಿ ಮೇಲೇರಲು ಜಾಗ ಬೇಕು, ನೀವು ನೆಟ್ಟಗೆ ನಿಂತು ಕಸ ಗುಡಿಸಲೂ ಬೇಕು. ಬಗ್ಗಿ ಗುಡಿಸಬೇಕಾದ ಗೂಡನ್ನು ತಿಂಗಳಾಗುವಷ್ಟರಲ್ಲಿ ಯಾರೂ ಗುಡಿಸುವುದಿಲ್ಲ.

ತತ್ತಿಗೆ ಹುಂಜ ಬೇಕಿಲ್ಲ. ಹುಂಜ ಇಲ್ಲದೆಯೂ ಹ್ಯಾಟೆ ತತ್ತಿ ಇಡುತ್ತದೆ, ಅದರಿಂದ ಮರಿ ಆಗುವುದಿಲ್ಲ, ಅಷ್ಟೆ. ಗೋಡೆಗೆ ಗೋಡೆ ಹತ್ತಿದ ಓಣಿಯಲ್ಲಿ ನಸುಕಿನ ನಾಲ್ಕಕ್ಕೆ ಹುಂಜ ಕೂಗಿದರೆ ನೆರೆಯವರ ನಿದ್ದೆ ಕೆಡುತ್ತದೆ. ಹುಂಜ ಸಾಕಬೇಡಿ.

ಗೂಡಿಗೆ ಮೊದಲು ನೆರೆಮನೆ

ಇಟ್ಟಿಗೆ ತರಿಸುವ ಮುಂಚೆ ಪಕ್ಕದ ಮನೆಯ ದೊಡ್ಡವ್ವನ ಬಳಿ ಹೋದೆ. "ಕೋಳಿ ಸಾಕ್ತೀಯೇನವ್ವಾ? ಸಾಕು. ನಾತ ಬಂದ್ರ ಮಾತ್ರ ನಾ ಸುಮ್ಮನಿರಂಗಿಲ್ಲ ನೋಡು" ಎಂದರು. "ನಾತ ಬಂದ ದಿನಾನೇ ನನ್ನ ಕರೀರಿ ದೊಡ್ಡವ್ವ, ಬಂದು ಬಳೀತೀನಿ" ಎಂದೆ. ಆ ಮಾತನ್ನು ಉಳಿಸಿಕೊಂಡಿದ್ದೇನೆ, ಅವರಿಗೆ ವಾರಕ್ಕೆರಡು ತತ್ತಿಯೂ ಹೋಗುತ್ತವೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ. ಸ್ಥಳೀಯ ಸಂಸ್ಥೆಯ ಆರೋಗ್ಯ ವಿಭಾಗದಲ್ಲೂ ಒಮ್ಮೆ ವಿಚಾರಿಸಿ.

ದಿಕ್ಕು

ಗೂಡಿನ ಉದ್ದ ಮೂಡಣದಿಂದ ಪಡುವಣಕ್ಕೆ ಇರಲಿ. ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಗೂಡಿನ ಕಿರಿದಾದ ಬದಿಗಳಿಗೆ ಮಾತ್ರ ಬೀಳುತ್ತದೆ. ಉದ್ದನೆಯ ಬದಿಗಳು ತೆಂಕು ಬಡಗಣಕ್ಕೆ ಬಂದು ಗಾಳಿಗೆ ತೆರೆದಿರುತ್ತವೆ. ಇಲ್ಲೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ನಮ್ಮ ಊರಿಗೆ ಮೇ ಮೊದಲ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನ ತುಸು ಬಡಗಣಕ್ಕೇ ವಾಲಿರುತ್ತಾನೆ. ಆದ್ದರಿಂದ ತೆಂಕಣಕ್ಕೆ ಮಾತ್ರ ಸೂರು ಇಳಿಸಿ ಬಡಗಣ ಬದಿಯನ್ನು ಬೋಳು ಬಿಟ್ಟರೆ ಬೇಸಿಗೆಯಲ್ಲಿ ಅಲ್ಲಿಂದಲೂ ಬಿಸಿಲು ನುಗ್ಗುತ್ತದೆ. ಎರಡೂ ಕಡೆ ಸೂರು ಎರಡೂವರೆ, ಮೂರು ಅಡಿ ಹೊರಚಾಚಲಿ.

ಬೇವಿನ ಗಿಡ ಇದ್ದರೆ ಅದರ ಮೂಡಣ ಬದಿಗೆ ಗೂಡು ಹಾಕಿ. ಮಧ್ಯಾಹ್ನ ಮೂರರಿಂದ ಐದರವರೆಗಿನ ಬಿಸಿಲನ್ನು ಗಿಡವೇ ತಡೆಯುತ್ತದೆ. ಗಿಡ ಇಲ್ಲದವರು ಮನೆಯ ಗೋಡೆಯನ್ನೇ ಬಳಸಿಕೊಳ್ಳಿ: ಮನೆಯ ಮೂಡಣಕ್ಕೆ ಗೂಡಿದ್ದರೆ ಮಧ್ಯಾಹ್ನದ ನಂತರ ಮನೆಯ ನೆರಳು ಅದರ ಮೇಲೆ ಬೀಳುತ್ತದೆ. ಗೋಡೆಗೂ ಗೂಡಿಗೂ ಎರಡಡಿ ಸಂದಿ ಬಿಡುವುದನ್ನು ಮರೆಯಬೇಡಿ. ಹಗಲೆಲ್ಲ ಕಾದ ಗೋಡೆ ರಾತ್ರಿ ಹತ್ತರವರೆಗೂ ಝಳ ಬಿಡುತ್ತದೆ.

ಕಟ್ಟೆ

ಮಳೆಗಾಲದಲ್ಲಿ ಹಿತ್ತಲಲ್ಲಿ ನಿಲ್ಲುವ ನೀರಿನ ಮಟ್ಟಕ್ಕಿಂತ ಒಂದಡಿ, ಒಂದೂವರೆ ಅಡಿ ಮೇಲೆ ಗೂಡಿನ ನೆಲ ಇರಬೇಕು. ನೆಲ ಎರೆ ಮಣ್ಣಾದರೆ ಒಂದಡಿ ಆಳಕ್ಕೆ ಅದನ್ನು ತೆಗೆದು ಗರಸು ತುಂಬಿ, ನೀರು ಹೊಡೆದು ದಮ್ಮಸು ಮಾಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ನೇರ ಕಟ್ಟಿದ್ದೆಲ್ಲ ಸೀಳುತ್ತದೆ. ಆ ಸೀಳುಗಳಲ್ಲಿ ಉಣ್ಣಿ ಸೇರುತ್ತದೆ, ಅದರ ಮಾತು ಕೊನೆಗೆ ಬರುತ್ತದೆ.

ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿಯಿಂದಾಗಿ ನಮ್ಮಲ್ಲಿ ಬೂದಿ ಇಟ್ಟಿಗೆ ಸುಲಭವಾಗಿ ಸಿಗುತ್ತದೆ. ಕಟ್ಟೆಗೆ ಅದೇ ಸಾಕು. ಮೇಲೆ ಶಹಾಬಾದ್ ಪರಸಿ (ಹಾಸುಗಲ್ಲು) ಹಾಸಿ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿ. ಮನೆ ಕಟ್ಟುವಾಗ ಉಳಿದ ತುಂಡು ಪರಸಿಗಳು ಬಹಳ ಮನೆಗಳ ಹಿಂದೆ ಬಿದ್ದಿರುತ್ತವೆ, ಅವು ಇಲ್ಲಿ ಕೆಲಸಕ್ಕೆ ಬರುತ್ತವೆ. ಓಡಾಡುವ ಅಂಗಳಕ್ಕೆ ಮಾತ್ರ ಪರಸಿ ಬೇಡ. ಕೋಳಿಗೆ ಕೆದಕಲು, ಮಣ್ಣಿನಲ್ಲಿ ಹೊರಳಲು ಬರಿ ನೆಲ ಬೇಕು.

ಗೋಡೆ ಮತ್ತು ಜಾಳಿಗೆ

ಪಡುವಣ ಬದಿ ಪೂರ್ತಿ ಇಟ್ಟಿಗೆ ಗೋಡೆ. ತೆಂಕು ಬಡಗಣ ಎರಡೂ ಕಡೆ ಒಂದಡಿ ಇಟ್ಟಿಗೆ, ಅದರ ಮೇಲೆ ಮಾಡಿನವರೆಗೆ ಜಾಳಿಗೆ. ಮೂಡಣಕ್ಕೆ ಬಾಗಿಲು. ಮೂಡಣದ ಎಳೆ ಬಿಸಿಲು ಬೆಳಗಿನ ಹೊತ್ತು ಒಳಗೆ ಬಿದ್ದರೆ ಒಳ್ಳೆಯದೇ, ಹಾಸು ಒಣಗುತ್ತದೆ.

ಜಾಳಿಗೆಯಲ್ಲಿ ಹಣ ಉಳಿಸಲು ಹೋಗಬೇಡಿ. ಆರು ಮೂಲೆಯ ತೆಳು ಕೋಳಿ ಜಾಳಿಗೆ ಕೋಳಿಯನ್ನು ಒಳಗಿಡುತ್ತದೆ, ಹೊರಗಿನವರನ್ನು ತಡೆಯುವುದಿಲ್ಲ. ಬೀದಿನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ. ಅದರ ಕಣ್ಣಿನಲ್ಲಿ ಹಾವು ತೂರುತ್ತದೆ, ಇಲಿ ಬರುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಜಾಳಿಗೆಯನ್ನೇ ಹಾಕಿಸಿ. ಮುಂಗುಲಿ ಮತ್ತು ಹೆಗ್ಗಣ ಕೆಳಗಿನಿಂದ ತೋಡಿಕೊಂಡು ಬರುತ್ತವೆ. ಆದ್ದರಿಂದ ಅಂಗಳದ ಸುತ್ತ ಜಾಳಿಗೆಯನ್ನು ಒಂದಡಿ ನೆಲದೊಳಗೆ ಇಳಿಸಿ. ತೋಡಲಾಗದಿದ್ದರೆ ಹೊರಕ್ಕೆ ಒಂದಡಿ ಮಡಚಿ ನೆಲದ ಮೇಲೆ ಹರವಿ, ಮೇಲೆ ಪರಸಿ ತುಂಡುಗಳನ್ನು ಹೇರಿ. ತೋಡುವ ಪ್ರಾಣಿ ಜಾಳಿಗೆಯ ಬುಡದಲ್ಲೇ ತೋಡಲು ಶುರುಮಾಡುತ್ತದೆ, ಕಲ್ಲು ಅಡ್ಡ ಬಂದರೆ ಬಿಟ್ಟು ಹೋಗುತ್ತದೆ. ಅಂಗಳದ ಮೇಲ್ಭಾಗವನ್ನೂ ಮುಚ್ಚಬೇಕು. ಹದ್ದು, ಕಾಗೆ, ಗೋಡೆ ಹಾರಿ ಬರುವ ಬೆಕ್ಕು ಮೂರಕ್ಕೂ ಅದೇ ಉತ್ತರ. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ.

ಪಡುವಣ ಗೋಡೆಯಿಂದ ಒಂದಡಿ ಆಚೆ ನಾಲ್ಕು ಬೊಂಬು ನೆಟ್ಟು ತಂತಿ ಕಟ್ಟಿ, ತೊಂಡೆ ಅಥವಾ ಹೀರೆ ಬಳ್ಳಿ ಹಬ್ಬಿಸಿ. ಜನವರಿಯಲ್ಲಿ ನೆಟ್ಟರೆ ಏಪ್ರಿಲ್ ಹೊತ್ತಿಗೆ ಹಸಿರು ಪರದೆ ಎದ್ದಿರುತ್ತದೆ.

ಮಾಡು: ಎಲ್ಲಕ್ಕಿಂತ ಮುಖ್ಯವಾದದ್ದು

ಪತ್ರಾಸ್ ಹಾಕಲೇಬಾರದೆಂದು ನಾನು ಹೇಳುವುದಿಲ್ಲ. ಮಳೆಗೆ ಅದು ಬೇಕು. ಆದರೆ ಕೋಳಿಯ ತಲೆಗೂ ಸೂರ್ಯನಿಗೂ ನಡುವೆ ಅದೊಂದೇ ಇರಬಾರದು. ಈಗ ನನ್ನ ಗೂಡಿನ ಮಾಡು ಮೂರು ಪದರದ್ದು. ಕೆಳಗೆ ಪತ್ರಾಸ್. ಅದರ ಮೇಲೆ ಆರಿಂಚು ಎತ್ತರಕ್ಕೆ ಬೊಂಬಿನ ಅಡ್ಡೆಗಳನ್ನು ಕಟ್ಟಿ ಬಿಟ್ಟ ಖಾಲಿ ಜಾಗ. ಆ ಅಡ್ಡೆಗಳ ಮೇಲೆ ಜೋಳದ ಕಣಕಿಯ (ಒಣ ದಂಟಿನ) ಸಿವುಡುಗಳನ್ನು ಒತ್ತೊತ್ತಾಗಿ ಜೋಡಿಸಿ ಹಗ್ಗದಿಂದ ಬಿಗಿದ ಹೊದಿಕೆ. ಬಿಸಿಲು ಕಣಕಿಗೆ ಬೀಳುತ್ತದೆ, ನಡುವಿನ ಸಂದಿಯಲ್ಲಿ ಗಾಳಿ ಓಡುತ್ತದೆ, ಪತ್ರಾಸ್ ನೆರಳಲ್ಲೇ ಉಳಿಯುತ್ತದೆ. ಈಗ ಮೇ ಮಧ್ಯಾಹ್ನ ಅದರ ಒಳಮೈಗೆ ಅಂಗೈ ಇಟ್ಟರೆ ಬೆಚ್ಚಗಿರುತ್ತದೆ, ಸುಡುವುದಿಲ್ಲ. ನನ್ನ ಪರೀಕ್ಷೆ ಅದೇ: ಅಂಗೈಯನ್ನು ಅಲ್ಲಿ ಹತ್ತು ಎಣಿಸುವಷ್ಟು ಹೊತ್ತು ಇಡಲು ಆಗದಿದ್ದರೆ ಆ ಮಾಡಿನ ಕೆಳಗೆ ಕೋಳಿ ಬಿಡಬಾರದು.

ಭತ್ತದ ಹುಲ್ಲೂ ಆಗುತ್ತದೆ, ಆದರೆ ಒಂದು ಮಳೆಗಾಲ ನೆನೆದರೆ ಕೊಳೆಯುತ್ತದೆ. ಕಣಕಿ ಎರಡು ವರ್ಷ ಬಾಳುತ್ತದೆ. ಹುಲ್ಲಾಗಲಿ ಕಣಕಿಯಾಗಲಿ ಬೇಸಿಗೆಯಲ್ಲಿ ಬೆಂಕಿಗೆ ಕಾದಿರುವ ವಸ್ತು. ಬಚ್ಚಲ ಒಲೆ, ಕಸ ಸುಡುವ ಜಾಗ, ಕರೆಂಟಿನ ಸಡಿಲ ತಂತಿ ಇವು ಹತ್ತಿರ ಇರುವ ಕಡೆ ಹುಲ್ಲಿನ ಹೊದಿಕೆ ಬೇಡವೇ ಬೇಡ. ಅಂಥವರು ಪತ್ರಾಸಿನ ಮೇಲ್ಮೈಗೆ ಎರಡು ಸಲ ದಪ್ಪ ಸುಣ್ಣ ಬಳಿದು, ಅದರ ಮೇಲೆ ಒಂದಡಿ ಎತ್ತರದಲ್ಲಿ ಹಸಿರು ನೆರಳು ಬಲೆ ಎಳೆದು ಕಟ್ಟಬಹುದು. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಪ್ರತಿ ವರ್ಷ ಶಿವರಾತ್ರಿ ಆಸುಪಾಸಿನಲ್ಲಿ ಮತ್ತೆ ಬಳಿಯಬೇಕು.

ಒಳಗಿನ ಜೋಡಣೆ

ಕೋಳಿ ನೆಲದ ಮೇಲೆ ಮಲಗುವ ಜೀವವಲ್ಲ, ಕತ್ತಲಾದರೆ ಮೇಲೇರಿ ಕೂರುತ್ತದೆ. ಎರಡಿಂಚು ದಪ್ಪದ ಬೇವಿನ ಕೊಂಬೆಯೊಂದನ್ನು ನೆಲದಿಂದ ಎರಡಡಿ ಎತ್ತರಕ್ಕೆ, ಗೋಡೆಯಿಂದ ಒಂದಡಿ ಆಚೆಗೆ ಕಟ್ಟಿ. ಕೋಳಿಗೊಂದು ಅಡಿ ಜಾಗ ಹಿಡಿದರೆ ಐದಡಿಯ ಗೂಡಿಗೆ ಒಂದೇ ಕೋಲು ಸಾಕಾಗುತ್ತದೆ. ಕಬ್ಬಿಣದ ಪೈಪು ಹಾಕಬೇಡಿ. ಬೇಸಿಗೆಯಲ್ಲಿ ಕಾಯುತ್ತದೆ, ನುಣುಪಾಗಿರುವುದರಿಂದ ಕಾಲಿಗೆ ಹಿಡಿತವೂ ಸಿಗುವುದಿಲ್ಲ.

ತತ್ತಿ ಇಡಲು ಎರಡು ಗೂಡು, ಒಂದೊಂದೂ ಒಂದಡಿ ಉದ್ದ, ಒಂದಡಿ ಅಗಲ. ಮಾವಿನಹಣ್ಣಿನ ಮರದ ಪೆಟ್ಟಿಗೆ, ಬಿದಿರ ಬುಟ್ಟಿ, ಬಾಯಿ ಒಡೆದ ದೊಡ್ಡ ಗಡಿಗೆ ಯಾವುದಾದರೂ ಸರಿ. ಎಣ್ಣೆ ಡಬ್ಬಿ ಬೇಡ, ಅದು ಬೇಸಿಗೆಗೆ ಒಲೆಯಾಗುತ್ತದೆ. ಮಂದ ಬೆಳಕಿನ ಮೂಲೆಯಲ್ಲಿ, ಕೂರುವ ಕೋಲಿಗಿಂತ ಕೆಳಗೆ ಇಡಿ. ತತ್ತಿಗೂಡು ಕೋಲಿಗಿಂತ ಎತ್ತರದಲ್ಲಿದ್ದರೆ ಕೋಳಿ ಅದರಲ್ಲೇ ಮಲಗಿ, ರಾತ್ರಿಯಿಡೀ ಹಿಕ್ಕೆ ಹಾಕಿ, ಬೆಳಿಗ್ಗೆ ಅದರ ಮೇಲೇ ತತ್ತಿ ಇಡುತ್ತದೆ.

ಹಾಸು, ಹಿಕ್ಕೆ, ವಾಸನೆ

ಅಕ್ಕಿ ಗಿರಣಿಗಳ ಊರಿನಲ್ಲಿ ಇರುವ ನಮಗೆ ಇದೊಂದು ಸೌಭಾಗ್ಯ. ಭತ್ತದ ಹೊಟ್ಟು ಗೋಣಿಗಟ್ಟಲೆ ಸಿಗುತ್ತದೆ. ಖಾಲಿ ಪರಸಿಯ ಮೇಲೆ ತೆಳ್ಳಗೆ ಒಣ ಸುಣ್ಣದ ಪುಡಿ ಎರಚಿ, ಅದರ ಮೇಲೆ ನಾಲ್ಕಿಂಚು ಹೊಟ್ಟು ಹರಡಿ. ಬೇಸಿಗೆಯಲ್ಲಿ ಎರಡಿಂಚು ಸಾಕು, ದಪ್ಪ ಹಾಸು ಬಿಸಿ ಹಿಡಿದುಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ಕೂರುವ ಕೋಲಿನ ಕೆಳಗಿನ ಹಿಕ್ಕೆ ಬಳಿದು ತೆಗೆಯಿರಿ, ರಾತ್ರಿಯ ಹಿಕ್ಕೆಯೆಲ್ಲ ಬೀಳುವುದು ಅಲ್ಲೇ. ವಾರಕ್ಕೊಮ್ಮೆ ಉಳಿದ ಹೊಟ್ಟನ್ನು ಕೈಯಾಡಿಸಿ ತಿರುವಿ ಹಾಕಿ.

ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡಿ. ಕೈ ಬಿಟ್ಟೊಡನೆ ಉದುರಿದರೆ ಸರಿಯಾಗಿದೆ. ಉಂಡೆಯಾಗಿ ಕೂತರೆ ತೇವ ಹೆಚ್ಚಾಗಿದೆ, ಆ ಭಾಗ ತೆಗೆದು ಒಣ ಹೊಟ್ಟು ಸುರಿಯಿರಿ. ವಾಸನೆ ಬರುವುದು ತೇವದಿಂದ. ಒಣಗಿದ ಹಿಕ್ಕೆಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ವಾಸನೆ ಬಂದಾಗ ಹಸಿ ಹಿಕ್ಕೆಯ ಮೇಲೆಯೇ ಸುಣ್ಣ ಎರಚುವ ರೂಢಿ ಇದೆ. ಅದು ಕೆಲಸ ಕೆಡಿಸುತ್ತದೆ. ಹಸಿ ಹಿಕ್ಕೆಗೆ ಸುಣ್ಣ ಸೇರಿದರೆ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ, ಕೋಳಿಯ ಕಣ್ಣು ಉರಿಯುತ್ತದೆ, ಉಸಿರಿನ ದಾರಿ ಕೆಡುತ್ತದೆ. ಸುಣ್ಣದ ಜಾಗ ಖಾಲಿ ನೆಲ, ಖಾಲಿ ಗೋಡೆ.

ಬಳಿದ ಹಿಕ್ಕೆ, ಹಳೆಯ ಹೊಟ್ಟು ಎರಡನ್ನೂ ಒಂದು ಗುಂಡಿಗೆ ಹಾಕಿ ಒಣ ಎಲೆ ಮುಚ್ಚಿ ಎರಡು ಮೂರು ತಿಂಗಳು ಬಿಡಿ. ಹಸಿ ಹಿಕ್ಕೆಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಕಳಿತ ಗೊಬ್ಬರ ಹಾಕಿದ ನನ್ನ ಕರಿಬೇವು ಈಗ ಮಹಡಿ ಮುಟ್ಟಿದೆ.

ಯಾವ ಕೋಳಿ, ಯಾವಾಗ

ಜವಾರಿ ಹ್ಯಾಟೆ ವರ್ಷಕ್ಕೆ ಐವತ್ತರಿಂದ ಎಂಬತ್ತು ತತ್ತಿ ಇಟ್ಟರೆ ಹೆಚ್ಚು. ಆದರೆ ಹಗುರ ಮೈ, ಉದ್ದ ಕಾಲು, ಬಿಸಿಲು ತಾಳುವ ಗುಣ. ಕುತ್ತಿಗೆಗೆ ಪುಕ್ಕ ಇಲ್ಲದ ಬೋಳು ಕತ್ತಿನ ಜವಾರಿ ಸಿಕ್ಕರೆ ಬಿಡಬೇಡಿ, ಆ ಬರಿಗತ್ತಿನಿಂದ ಮೈ ಬಿಸಿ ಬೇಗ ಹೊರಹೋಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ 130ರಿಂದ 150 ತತ್ತಿ ಕೊಡುತ್ತದೆ, ನೋಡಲು ಗಂಭೀರವಾಗಿರುತ್ತದೆ. ಮೈ ಭಾರ ಇರುವುದರಿಂದ ಬಿಸಿಲಿಗೆ ಬೇಗ ಸೋಲುವುದೂ ಅದೇ. ನನ್ನ ಕೈಯಲ್ಲಿ ಸತ್ತ ಎರಡೂ ಗಿರಿರಾಜ. ತತ್ತಿಯೇ ಮುಖ್ಯ ಎನ್ನುವವರು ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ ನೋಡಬಹುದು, ಮೈ ಅಷ್ಟು ಭಾರವಲ್ಲ. ಈಗ ನನ್ನಲ್ಲಿರುವುದು ಮೂರು ಜವಾರಿ, ಎರಡು ಗ್ರಾಮಪ್ರಿಯ.

ಒಂದು ದಿನದ ಮರಿ ತರಬೇಡಿ. ಅವಕ್ಕೆ ಮೂರು ನಾಲ್ಕು ವಾರ ಕೃತಕ ಕಾವು ಬೇಕು, ಹೊಸಬರಿಗೆ ಅದು ಕಷ್ಟ. ಎರಡೂವರೆ ಮೂರು ತಿಂಗಳ ಬೆಳೆದ ಹ್ಯಾಟೆಗಳನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತನ್ನಿ. ಐದಾರು ತಿಂಗಳ ವಯಸ್ಸಿಗೆ ತತ್ತಿ ಶುರು, ಬಿಸಿಲೇರುವ ಹೊತ್ತಿಗೆ ಜಾಗವೂ ನೀವೂ ಅವಕ್ಕೆ ಒಗ್ಗಿರುತ್ತೀರಿ. ಮಾರ್ಚ್ ನಂತರ ಕೊಳ್ಳಬೇಡಿ, ಬಿಸಿಲಲ್ಲಿ ಬುಟ್ಟಿಯಲ್ಲಿ ತುಂಬಿ ತರುವ ಪಯಣದಲ್ಲೇ ಅರ್ಧ ಸೋತಿರುತ್ತವೆ. ಆಮೇಲೆ ಹೊಸ ಕೋಳಿ ಸೇರಿಸುವಾಗಲೆಲ್ಲ ಎರಡು ವಾರ ಬೇರೆ ಕಡೆ ಇಟ್ಟು ನೋಡಿ.

ನೀರು ಮತ್ತು ಮೇವು

ತಂಪು ದಿನಗಳಲ್ಲಿ ಕೋಳಿಯೊಂದು ಕಾಲು ಲೀಟರ್ ನೀರು ಕುಡಿದರೆ ಬೇಸಿಗೆಯಲ್ಲಿ ಅರ್ಧ ಲೀಟರ್ ಬೇಕು. ಐದಕ್ಕೆ ಎರಡೂವರೆ ಲೀಟರ್ ಆಯಿತು. ನಾನು ಎರಡು ಮಣ್ಣಿನ ಪಾತ್ರೆಗಳಲ್ಲಿ ನಾಲ್ಕು ಲೀಟರ್ ಇಡುತ್ತೇನೆ. ಒಂದು ಉರುಳಿದರೆ ಇನ್ನೊಂದು ಇರಬೇಕು. ಮಹಡಿಯ ಮೇಲಿನ ಕಪ್ಪು ಸಿಂಟೆಕ್ಸಿನ ನೀರನ್ನು ಮಧ್ಯಾಹ್ನ ನೇರ ನಲ್ಲಿಯಿಂದ ಹಿಡಿದು ಕೊಡಬೇಡಿ. ಮೇ ತಿಂಗಳಲ್ಲಿ ಆ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ, ಕೋಳಿ ಮೂಸಿ ನೋಡಿ ಹಿಂದೆ ಸರಿಯುತ್ತದೆ, ನೀವು ನೀರು ಇಟ್ಟಿದ್ದೀರಿ ಎಂದುಕೊಂಡೇ ಇರುತ್ತೀರಿ. ನಸುಕಿನಲ್ಲೇ ಒಂದು ಕೊಡ ನೀರು ಹಿಡಿದು ಗಡಿಗೆಗೆ ತುಂಬಿ ನೆರಳಲ್ಲಿಡಿ. ದಿನವಿಡೀ ಅದರಿಂದಲೇ ಕೊಡಿ.

ಮೇವು ಕೋಳಿಯೊಂದಕ್ಕೆ ದಿನಕ್ಕೆ 100ರಿಂದ 120 ಗ್ರಾಂ. ಐದಕ್ಕೆ ತಿಂಗಳಿಗೆ 16, 17 ಕಿಲೋ. ತತ್ತಿ ಕೋಳಿಯ ಸಿದ್ಧ ಮೇವು ಮುಖ್ಯ ಊಟವಾಗಿರಲಿ, ಅದರಲ್ಲಿ 16ರಿಂದ 18 ಶೇಕಡಾ ಪ್ರೋಟೀನ್ ಇರುತ್ತದೆ. ಜೋಳ, ಸಜ್ಜೆ, ಅಕ್ಕಿ ನುಚ್ಚು, ಮನೆಯ ಸೊಪ್ಪಿನ ಕಡ್ಡಿ, ನುಗ್ಗೆ ಸೊಪ್ಪು ಎಲ್ಲ ಸೇರಿ ಕಾಲು ಭಾಗ ಮೀರದಿರಲಿ. ಬರೀ ನುಚ್ಚು ಹಾಕಿ ತತ್ತಿ ಇಡುತ್ತಿಲ್ಲ ಎಂದು ಬೈಯುವವರನ್ನು ನೋಡಿದ್ದೇನೆ. ಅನ್ನ ಮಾತ್ರ ಉಂಡು ಯಾರು ಗಟ್ಟಿಯಾಗಿರುತ್ತಾರೆ? ಬೂಸಲು ಹಿಡಿದ ಶೇಂಗಾ ಹಿಂಡಿ ಅಥವಾ ಕಾಳನ್ನು "ಕೋಳಿಗಾದರೂ ಆಗಲಿ" ಎಂದು ಹಾಕಬೇಡಿ. ಆ ಬೂಸಲಿನ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಈಲಿ (ಯಕೃತ್ತು) ಕೆಡಿಸುತ್ತದೆ. ಉಪ್ಪಿನಕಾಯಿ, ಉಪ್ಪು ಹೆಚ್ಚಿರುವ ಉಳಿಕೆ ಸಾರು ಕೂಡ ಬೇಡ.

ತತ್ತಿಯ ಚಿಪ್ಪಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಮೇವಿನಿಂದ ಬರಬೇಕು. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಬೇಸಿಗೆಯಲ್ಲಿ ಚಿಪ್ಪು ತೆಳುವಾಗುವುದಕ್ಕೆ ಏದುಸಿರೂ ಒಂದು ಕಾರಣ: ಅತಿಯಾಗಿ ಏದುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಚಿಪ್ಪು ಕಟ್ಟಲು ಅದೇ ಬೇಕು. ಹಾಗಾಗಿ ತೆಳು ಚಿಪ್ಪಿನ ತತ್ತಿ ಬಂದರೆ ಸುಣ್ಣದಂಶ ಹೆಚ್ಚಿಸುವ ಮುಂಚೆ ಗೂಡಿನ ನೆರಳನ್ನು ನೋಡಿ.

ಲಸಿಕೆ

ರಾಣಿಖೇತ್, ನಮ್ಮವರು ಕೊಕ್ಕರೆ ರೋಗ ಎನ್ನುವುದು, ಬಂದರೆ ಗೂಡೇ ಖಾಲಿ. ಕುತ್ತಿಗೆ ತಿರುಚುತ್ತದೆ, ಹಸಿರು ಭೇದಿ, ಏದುಸಿರು. ಮದ್ದಿಲ್ಲ, ಮುಂಚೆ ಲಸಿಕೆ ಹಾಕಿಸುವುದೊಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಮತ್ತು ನಾಲ್ಕನೇ ವಾರದಲ್ಲಿ ಲಸೋಟ ಎಂಬ ಲಸಿಕೆ, ಎಂಟರಿಂದ ಹತ್ತನೇ ವಾರದೊಳಗೆ ಆರ್2ಬಿ ಚುಚ್ಚುಮದ್ದು. ಕೊಳ್ಳುವಾಗ ಇವು ಆಗಿವೆಯೇ ಎಂದು ಕೇಳಿ. ಆರು ಏಳನೇ ವಾರಕ್ಕೆ ಸಿಡುಬಿನ ಲಸಿಕೆ. ಮಳೆ ನಿಂತ ಮೇಲೆ ಸೊಳ್ಳೆಗಳಿಂದ ಜುಟ್ಟಿನ ಮೇಲೆ ಗಂಟೇಳುವ ರೋಗ ಅದು.

ಲಸಿಕೆಯ ಸೀಸೆ ನೂರು, ಇನ್ನೂರು ಕೋಳಿಗಾಗುವಷ್ಟು ಬರುತ್ತದೆ, ತೆರೆದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಓಣಿಯಲ್ಲಿ ಕೋಳಿ ಸಾಕಿದ ನಾಲ್ಕು ಮನೆಯವರು ಒಂದೇ ದಿನ ಗೊತ್ತುಮಾಡಿ ಪಶು ಆಸ್ಪತ್ರೆಯವರನ್ನು ಕೇಳಿ. ಐಸ್ ತುಂಬಿದ ಥರ್ಮಾಸಿನಲ್ಲಿ ತನ್ನಿ. ಲಸೋಟವನ್ನು ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಇಲ್ಲದ ನೀರು ಬೇಕು, ನಲ್ಲಿ ನೀರಿನ ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ.

ಹಕ್ಕಿಜ್ವರ ದೂರದ ಮಾತೆಂದು ತಿಳಿಯಬೇಡಿ. 2025ರ ಆರಂಭದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ ಅದು ಕಾಣಿಸಿಕೊಂಡಿತ್ತು. ಒಮ್ಮೆಲೇ ಎರಡು ಮೂರು ಕೋಳಿ ಸತ್ತರೆ ಕೊಯ್ದು ನೋಡಬೇಡಿ, ಚರಂಡಿಗೆ ಎಸೆಯಬೇಡಿ. ಪಶುಪಾಲನಾ ಇಲಾಖೆಗೆ ತಿಳಿಸಿ.

ಮೇ ತಿಂಗಳ ಒಂದು ದಿನ

ನಸುಕಿನ ಐದೂವರೆಗೆ ಮೇವು ಹಾಕುತ್ತೇನೆ. ತಿಂದದ್ದು ಅರಗುವಾಗ ಮೈಯಲ್ಲಿ ಬಿಸಿ ಹುಟ್ಟುತ್ತದೆ, ಆ ಬಿಸಿ ಮಧ್ಯಾಹ್ನದ ಬಿಸಿಲಿನ ಜೊತೆ ಸೇರಬಾರದು. ಎಂಟೂವರೆಗೆ ಮೇವಿನ ಪಾತ್ರೆ ತೆಗೆದು, ನೀರು ಮಾತ್ರ ಇಡುತ್ತೇನೆ. ಹತ್ತಕ್ಕೆ ತತ್ತಿ ತೆಗೆಯುವುದು, ಮಧ್ಯಾಹ್ನ ಇನ್ನೊಮ್ಮೆ. ಬೇಸಿಗೆಯಲ್ಲಿ ತತ್ತಿಯನ್ನು ಸಂಜೆವರೆಗೆ ಗೂಡಲ್ಲಿ ಬಿಟ್ಟರೆ ಕೆಡುತ್ತದೆ.

ಹನ್ನೊಂದಕ್ಕೆ ತೆಂಕು ಬಡಗಣ ಜಾಳಿಗೆಗಳ ಮೇಲರ್ಧಕ್ಕೆ ಗೋಣಿ ತಟ್ಟುಗಳನ್ನು ಇಳಿಬಿಟ್ಟು ನೀರು ಚಿಮುಕಿಸುತ್ತೇನೆ. ಕೆಳಗಿನ ಅರ್ಧ ಬಯಲೇ ಇರಬೇಕು, ಪೂರ್ತಿ ಮುಚ್ಚಿದರೆ ಒಳಗೆ ಹಬೆ ತುಂಬುತ್ತದೆ. ಒಣ ಬಿಸಿಗಾಳಿ ಹಸಿ ಗೋಣಿಯ ಮೂಲಕ ಬಂದಾಗ ಆಗುವ ತಂಪು ಕೈಗೆ ಗೊತ್ತಾಗುತ್ತದೆ. ಜೂನಿನ ಮಿರಗ ಮಳೆ ಬಂದು ಗಾಳಿಯಲ್ಲಿ ತೇವ ಏರಿದ ಮೇಲೆ ಇದು ಅಷ್ಟು ಕೆಲಸ ಮಾಡುವುದಿಲ್ಲ, ಆಗ ಗೋಣಿ ತೆಗೆದುಬಿಡಿ. ಹಾಸಿನ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ.

ಎರಡಕ್ಕೆ ಒಮ್ಮೆ ನೋಡಲೇಬೇಕು. ಬಾಯಿ ತೆರೆದಿರುವುದು, ರೆಕ್ಕೆ ಅಗಲಿಸಿರುವುದು ಎಚ್ಚರಿಕೆ. ನಿಲ್ಲಲಾಗದೆ ಕುಸಿದು ಕಣ್ಣು ಮುಚ್ಚುತ್ತಿದ್ದರೆ, ಜುಟ್ಟು ಕಪ್ಪಾಗುತ್ತಿದ್ದರೆ ತಡ ಮಾಡಬೇಡಿ. ಎತ್ತಿ ನೆರಳಿಗೆ ತಂದು, ಬಕೆಟಿನ ತಣ್ಣೀರಿನಲ್ಲಿ ಕಾಲು ಮತ್ತು ಹೊಟ್ಟೆಯ ಕೆಳಭಾಗ ಮುಳುಗುವಂತೆ ಒಂದೆರಡು ನಿಮಿಷ ಹಿಡಿಯಿರಿ. ಜುಟ್ಟಿಗೆ ಹಸಿ ಬೆರಳು ಸವರಿ. ಐಸ್ ನೀರು ಬೇಡ. ಕೊಕ್ಕಿನ ಪಕ್ಕಕ್ಕೆ ನೀರನ್ನು ಹನಿಹನಿಯಾಗಿ ತಾಗಿಸಿ, ಗಂಟಲಿಗೆ ಸುರಿದರೆ ಉಸಿರುನಾಳಕ್ಕೆ ಹೋಗುತ್ತದೆ. ಕಳೆದ ವರ್ಷ ನನ್ನ ಬೂದು ಬಣ್ಣದ ಜವಾರಿಯನ್ನು ಹೀಗೆ ಹಿಡಿದುಕೊಂಡಾಗ ಮೊದಲು ಅದರ ಕಾಲಿನ ಬೆರಳುಗಳು ನೀರೊಳಗೆ ಬಿಚ್ಚಿದವು, ಆಮೇಲೆ ಕಣ್ಣು ತೆರೆಯಿತು. ಅರ್ಧ ಗಂಟೆಗೆ ತಾನೇ ಎದ್ದು ನಡೆಯಿತು.

ಐದೂವರೆಗೆ ಉಳಿದ ಮೇವು. ಕತ್ತಲಾಗುತ್ತಿದ್ದಂತೆ ತಾವಾಗಿಯೇ ಕೋಲು ಏರುತ್ತವೆ. ಎಣಿಸಿ, ಎರಡೂ ಚಿಲಕ ಹಾಕಿ.

ರಾತ್ರಿಯ ಪರೀಕ್ಷೆ

ಹದಿನೈದು ದಿನಕ್ಕೊಮ್ಮೆ ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಗೂಡಿಗೆ ಹೋಗಿ. ಕೋಳಿ ಉಣ್ಣಿ ಹಗಲು ಗೋಡೆಯ ಬಿರುಕಿನಲ್ಲಿ, ಕೋಲು ಕಟ್ಟಿದ ಗಂಟಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಹಗಲು ಕೋಳಿಯ ಮೈ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕೋಳಿ ಸೊರಗುತ್ತಿದ್ದರೆ, ಜುಟ್ಟು ಬಿಳಚಿದರೆ, ಸಂಜೆ ಕೋಲು ಏರಲು ಹಿಂಜರಿದರೆ ಇದರ ಗುಮಾನಿ ಬರಬೇಕು. ಕೋಲಿನ ತುದಿಗಳನ್ನು, ಕಾಲುಗಳನ್ನು, ರೆಕ್ಕೆಯ ಕೆಳಗನ್ನು ನೋಡಿ. ಕಂಡರೆ ಮರುದಿನವೇ ಕೋಳಿಗಳನ್ನು ಅಂಗಳಕ್ಕೆ ಬಿಟ್ಟು, ಹೊಟ್ಟು ಪೂರ್ತಿ ತೆಗೆದು, ಬಿರುಕುಗಳಿಗೆ ಸಿಮೆಂಟ್ ತುಂಬಿ, ಗೋಡೆಗೆ ದಪ್ಪ ಸುಣ್ಣ ಬಳಿಯಿರಿ. ಹಳೆಯ ಕೋಲು ತೆಗೆದು ಹೊಸದು ಕಟ್ಟಿ. ಕೋಳಿಯ ಮೈಗೆ ಹಾಕುವ ಔಷಧಿಯನ್ನು ಪಶುವೈದ್ಯರನ್ನೇ ಕೇಳಿ, ಅದು ತತ್ತಿಗೂ ಬರುತ್ತದೆ.

ಹೇನಿಗೆ ಮಾತ್ರ ಕೋಳಿ ತಾನೇ ಮದ್ದು ಮಾಡಿಕೊಳ್ಳುತ್ತದೆ. ಅಂಗಳದ ನೆರಳಿನ ಮೂಲೆಯಲ್ಲಿ ಎರಡಡಿ ಅಗಲದ ತಗ್ಗು ತೋಡಿ ನುಣುಪು ಮಣ್ಣು, ಕಟ್ಟಿಗೆಯ ಬೂದಿ, ಒಣಗಿಸಿ ಪುಡಿ ಮಾಡಿದ ಬೇವಿನೆಲೆ ಬೆರೆಸಿ ತುಂಬಿಡಿ. ಒಲೆಯ ಕಟ್ಟಿಗೆ ಬೂದಿಯನ್ನೇ ಬಳಸಿ, ಸ್ಥಾವರದ ಹಾರುಬೂದಿ ಬೇಡ. ಬೆಳಗಿನ ಎಂಟರ ಹೊತ್ತಿಗೆ ಒಂದೊಂದಾಗಿ ಬಂದು ಮಗ್ಗುಲಾಗಿ ಬಿದ್ದು, ಒಂದು ಕಾಲಿನಿಂದ ಮಣ್ಣನ್ನು ರೆಕ್ಕೆಯೊಳಗೆ ಎರಚಿಕೊಂಡು, ಕಣ್ಣು ಅರೆಮುಚ್ಚಿ ಮಲಗುತ್ತವೆ. ಎದ್ದು ಮೈ ಕೊಡವಿದಾಗ ಏಳುವ ಧೂಳು ಪಕ್ಕದ ಮನೆಯ ಒಗೆದ ಬಟ್ಟೆಯ ಕಡೆ ಹೋಗದಂತೆ ಆ ತಗ್ಗಿಗೆ ಜಾಗ ಆರಿಸಿ.